ಕಂಬಳಿಯವರಿಗೆ ಸೀಟು

ಬಸ್ಸಿನ ಕೊನೆಯ ಸಾಲಿನಲ್ಲಿ ನಾನು ಈಗಲೂ ಕೂರುವುದಿಲ್ಲ. ಮುಂದೆ ಜಾಗವಿಲ್ಲದಿದ್ದರೆ ನಿಂತೇ ಹೋಗುತ್ತೇನೆ. ಜೊತೆಗಿದ್ದವರು ಕೇಳಿದರೆ ನನಗೆ ಕುಲುಕಾಟ ಆಗಿಬರುವುದಿಲ್ಲ ಎನ್ನುತ್ತೇನೆ. ನಿಜವಾದ ಕಾರಣ ಹಿಂದಿನ ಗಾಜು. ಆ ಗಾಜಿನ ಆಚೆ ಒಂದು ಕೈಯ ಬೆರಳುಗಳು ಬಿಚ್ಚಿಕೊಂಡು, ಮುಚ್ಚಿಕೊಂಡು, ಮತ್ತೆ ಬಿಚ್ಚಿಕೊಂಡು, ಆಮೇಲೆ ಸುಮ್ಮನಾದದ್ದನ್ನು ನಾನು ಕಂಡಿದ್ದೇನೆ. ಅದು ನನ್ನ ದೊಡ್ಡಪ್ಪನ ಬಲಗೈ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಸೇಲಂನ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎ. ಓದುತ್ತಿದ್ದೆ. ನಮ್ಮ ಹಟ್ಟಿ ಮೇಚೇರಿಯ ಪಕ್ಕದಲ್ಲಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು. ಅಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದರಿಂದ ನನ್ನನ್ನು ಓದಿಸಿದ್ದು ದೊಡ್ಡಪ್ಪ. ಅವನು ಉಣ್ಣೆ ಕತ್ತರಿಸುವುದರಲ್ಲಿ ಹೆಸರಾದವನು. ನಮ್ಮ ಮೇಚೇರಿ ಕುರಿಗಳ ಮೈಮೇಲೆ ಕತ್ತರಿಸುವಂಥ ಉಣ್ಣೆ ಇರುವುದಿಲ್ಲ. ಉಣ್ಣೆಯ ಕರಿಕುರಿ ಇದ್ದದ್ದು ಧರ್ಮಪುರಿ ಕಡೆಯ ನೆಂಟರ ಹತ್ತಿರ. ಕತ್ತರಿಸುವ ಕಾಲ ಬಂದಾಗಲೆಲ್ಲ ಅಲ್ಲಿಂದ ದೊಡ್ಡಪ್ಪನಿಗೆ ಕರೆ ಬರುತ್ತಿತ್ತು. ಅವನ ಕತ್ತರಿಗೆ ಸಿಕ್ಕ ಕುರಿ ಒದೆಯುತ್ತಿರಲಿಲ್ಲ, ಕಣ್ಣು ಮುಚ್ಚಿಕೊಂಡು ಮೆಲುಕು ಹಾಕುತ್ತಿತ್ತು.

ಅವನು ನಮ್ಮ ಹಟ್ಟಿಯ ಯಜಮಾನನೂ ಹೌದು. ಯಜಮಾನನ ಹೆಗಲ ಮೇಲೆ ನ್ಯಾಯದ ಕಂಬಳಿ ಇರುತ್ತದೆ. ನಮ್ಮವರಲ್ಲಿ ಜಗಳ ತೀರಿಸುವಾಗ ಮೊದಲು ಆ ಕರಿ ಕಂಬಳಿಯನ್ನು ಹಾಸುತ್ತಾರೆ. ಮೆಟ್ಟು ಬಿಟ್ಟು ಅದರ ಮೇಲೆ ಕೂರಬೇಕು. ಕೂತು ಆಡಿದ ಮಾತನ್ನು ಎದ್ದ ಮೇಲೆ ಬದಲಿಸುವಂತಿಲ್ಲ. ಅದನ್ನು ಚಳಿಗೆ ಹೊದೆಯುವಂತಿಲ್ಲ, ಅದರಲ್ಲಿ ಮೂಟೆ ಕಟ್ಟುವಂತಿಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಅದನ್ನು ದಾರಿಯಲ್ಲಿ ಬೀಳಿಸುವಂತಿಲ್ಲ. ಬೀಳಿಸಿದವನು ಯಜಮಾನನಾಗಿ ಉಳಿಯುವುದಿಲ್ಲ. ಹೊರಗಿನವರಿಗೆ ಇದು ಯಾವುದೂ ಗೊತ್ತಿಲ್ಲ. ಅವರ ಕಣ್ಣಿಗೆ ಅದು ಕುರಿ ವಾಸನೆಯ ಹಳೆ ಕಂಬಳಿ.

ಆ ಸಲ ಪಾಪಿರೆಡ್ಡಿಪಟ್ಟಿಯ ಹತ್ತಿರ ಕುರಿ ಕತ್ತರಿಸಿ, ಅಣ್ಣತಮ್ಮಂದಿರ ಒಂದು ಬೇಲಿ ಜಗಳವನ್ನೂ ತೀರಿಸಿ ದೊಡ್ಡಪ್ಪ ವಾಪಸ್ಸು ಹೊರಟಿದ್ದ. ರಜೆ ಇದ್ದುದರಿಂದ ನಾನೂ ಜೊತೆಗಿದ್ದೆ. ಧರ್ಮಪುರಿಯ ಸ್ಟ್ಯಾಂಡಿನಲ್ಲಿ ಮೇಚೇರಿಗೆ ಹೋಗುವ ಎರಡು ಖಾಸಗಿ ಬಸ್ಸುಗಳು ಒಂದರ ಹಿಂದೆ ಒಂದು ನಿಂತಿದ್ದವು. ತೊಪ್ಪೂರು ಘಾಟಿಯನ್ನು ಮೊದಲು ಇಳಿದವನಿಗೆ ಕೆಳಗಿನ ಜನರೆಲ್ಲ ಸಿಗುತ್ತಾರೆ ಎಂದು ಅವೆರಡೂ ದಿನಾ ಪೈಪೋಟಿಯಿಂದ ಓಡುವುದು ಎಲ್ಲರಿಗೂ ಗೊತ್ತಿತ್ತು. ಮುಂದಿನದು ಹೊರಟೇಬಿಟ್ಟಿತು. ನಾವು ಹಿಂದಿನದರ ಬಾಗಿಲಿಗೆ ಹೋದೆವು.

ಅದರ ಕಂಡಕ್ಟರ್ ನನಗಿಂತ ಸ್ವಲ್ಪ ದೊಡ್ಡವನು. ಕೊರಳ ಸುತ್ತ ಕರ್ಚೀಫು, ತುಟಿಯಲ್ಲಿ ಸೀಟಿ. ನನ್ನ ಪ್ಯಾಂಟು ನೋಡಿ, "ಸಾರ್, ಉಳ್ಳ ಪೋಂಗ" ಎಂದು ಒಳಗೆ ದಾರಿ ಬಿಟ್ಟ. ನನ್ನ ಹಿಂದೆ ಬಂದ ದೊಡ್ಡಪ್ಪನ ಎದೆಗೆ ಕೈ ಅಡ್ಡ ಹಿಡಿದ.

"ಯೋವ್, ನೀ ಎಂಗೆ? ಮೇಲ ಏರು." ಲೇ, ನೀನೆಲ್ಲಿಗೆ, ಬಸ್ಸಿನ ತಲೆಯ ಮೇಲೆ ಹತ್ತು ಎಂದು.

"ಟಿಕೇಟ್ ತಗತೀನಿ ಸಾಮಿ," ಎಂದ ದೊಡ್ಡಪ್ಪ.

"ಆಟ್ಟುಕ್ಕುಂ ಟಿಕೇಟ್ ಇರುಕ್ಕು. ಅದು ಮೇಲೆ ದಾನೇ ಪೋಗುದು?"

ಆಡಿಗೂ ಟಿಕೇಟ್ ಇದೆ, ಅದು ಮೇಲೆ ತಾನೇ ಹೋಗುವುದು! ಒಳಗಿದ್ದವರು ನಕ್ಕರು. ಒಬ್ಬಿಬ್ಬರಲ್ಲ, ಹತ್ತಿರದ ನಾಲ್ಕು ಸಾಲೂ ನಕ್ಕಿತು. ಆ ನಗು ನನಗೆ ಇವತ್ತಿಗೂ ಬೇರೆ ಬೇರೆಯಾಗಿ ಕೇಳುತ್ತದೆ. ಒಂದು ದಪ್ಪ ದನಿ, ಬಳೆಯ ಸದ್ದಿನ ಜೊತೆ ಒಂದು ಹೆಂಗಸಿನ ದನಿ, ಕೆಮ್ಮಿನಲ್ಲಿ ಮುಗಿದ ಇನ್ನೊಂದು.

ಅವನು ನನ್ನ ದೊಡ್ಡಪ್ಪ, ನನ್ನ ಸೀಟು ಅವನಿಗಿರಲಿ, ನಾನು ನಿಲ್ಲುತ್ತೇನೆ ಎಂದೆ. ಕಂಡಕ್ಟರ್ ನನ್ನ ಕಡೆಗೆ ಮರ್ಯಾದೆಯಿಂದ ಬಾಗಿ, ನೀವು ಓದಿದವರು ಸಾರ್, ಈ ಕಂಬಳಿಯ ನಾತವನ್ನು ಹೆಂಗಸರು ತಡೆಯುವುದಿಲ್ಲ ಎಂದು ತಮಿಳಿನಲ್ಲಿ ಸಮಾಧಾನ ಹೇಳಿದ. ನನ್ನ ಮೈಯಲ್ಲಿ ಹರಿಯುವುದೂ ಆ ಕಂಬಳಿಯವರ ರಕ್ತವೇ ಎಂಬುದು ಅವನ ತಲೆಗೆ ಹೋಗಲಿಲ್ಲ. ಪ್ಯಾಂಟಿಗೆ ಒಂದು ನ್ಯಾಯ, ಕಂಬಳಿಗೆ ಒಂದು. ನಾನು ಇಳಿಯಲು ಹೊರಟಾಗ ದೊಡ್ಡಪ್ಪನೇ ತಡೆದ.

"ಬುಡ್ಲಾ, ನೀ ಕುಂತ್ಕ. ಇದೂ ಓದ್ರೆ ಇವತ್ತಿಗೆ ಬ್ಯಾರೆ ಬಸ್ಸಿಲ್ಲ. ಮ್ಯಾಲೆ ಗಾಳಿಯಾದ್ರೂ ಬತ್ತೈತೆ."

ಮೇಲೆ ಬುಟ್ಟಿ, ಮೂಟೆ ತುಂಬಿ ಕಾಲಿಡಲು ಜಾಗವಿರಲಿಲ್ಲ. ಬಸ್ಸಿನ ಹಿಂದಿನ ಕಬ್ಬಿಣದ ಏಣಿಯ ಮೇಲೇ ನಿಲ್ಲಲು ಅವನು ಒಂದು ಕಾಲು ಊರಿದ. ಇನ್ನೊಂದು ಕಾಲು ನೆಲ ಬಿಡುವ ಮೊದಲೇ ಸೀಟಿ. "ಪೋಲಾಂ ರೈಟ್!"

ನಾನು ಕೊನೆಯ ಸಾಲಿನಲ್ಲಿ, ಗಾಜಿಗೆ ತಲೆ ತಾಗಿಸಿ ಕೂತೆ. ದೊಡ್ಡಪ್ಪ ಬಲಗೈಯನ್ನು ಏಣಿಯ ಮೆಟ್ಟಿಲಿನೊಳಗೆ ಮೊಳಕೈವರೆಗೂ ತೂರಿಸಿ ನೇತುಹಾಕಿಕೊಂಡಿದ್ದ. ಎಡಗೈ ಕಂಬಳಿಯ ಮೇಲೆ. ಗಾಜಿನಾಚೆಯಿಂದ ನನ್ನನ್ನು ನೋಡಿ ಕಣ್ಣು ಮಿಟುಕಿಸಿದ.

ಘಾಟಿ ಶುರುವಾದೊಡನೆ ಡ್ರೈವರಿಗೆ ಮುಂದಿನ ಬಸ್ಸಿನ ಬೆನ್ನು ಕಂಡಿತು. ಕಂಡಕ್ಟರ್ ಫುಟ್‌ಬೋರ್ಡಿನಿಂದ ತಲೆ ಹೊರಗೆ ಹಾಕಿ, "ಅಡಿ ಅಣ್ಣೇ, ಅಡಿ!" ಹೊಡಿ, ಜೋರಾಗಿ ಹೊಡಿ ಎಂದು ಹುರಿದುಂಬಿಸತೊಡಗಿದ. ಮೊದಲ ತಿರುವಿನಲ್ಲಿ ಗಾಳಿ ಕಂಬಳಿಯೊಳಗೆ ಹೊಕ್ಕಿತು. ಎರಡನೆಯ ತಿರುವಿನಲ್ಲಿ ಅದು ಉಬ್ಬಿ ದೊಡ್ಡಪ್ಪನ ಮುಖವನ್ನು ಮುಚ್ಚಿತು. ನಾನು ಗಾಜು ಬಡಿದೆ. "ಬುಡು ದೊಡ್ಡಪ್ಪಾ, ಕಂಬ್ಳಿ ಬುಡು! ಎಲ್ಡು ಕೈಲೂ ಇಡ್ಕ!" ಅವನಿಗೆ ಕೇಳಿಸಿತ್ತು. ಆಮೇಲೆ ಅವನೇ ಹೇಳಿದ. ಕೇಳಿಸಿಯೂ ಅವನು ಕಂಬಳಿಯನ್ನು ಎಡಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡ. ಲೋಕದಲ್ಲಿ ಬೇರೆ ಯಾರೇ ಆಗಿದ್ದರೂ ಅದನ್ನು ಕೈಬಿಟ್ಟು ಕಬ್ಬಿಣ ಹಿಡಿಯುತ್ತಿದ್ದರು.

ಮೇಲೇರುತ್ತಿದ್ದ ಲಾರಿಯೊಂದು ತಿರುವಿನಲ್ಲಿ ಎದುರಾಯಿತು. ಬ್ರೇಕು. ಬಸ್ಸಿನ ಹಿಂಭಾಗ ಪಕ್ಕಕ್ಕೆ ಜಾಡಿಸಿತು. ದೊಡ್ಡಪ್ಪನ ಕಾಲುಗಳು ಏಣಿಯಿಂದ ಜಾರಿದವು. ಇಡೀ ಮೈ ಮೆಟ್ಟಿಲಿನೊಳಗೆ ತೂರಿಸಿದ್ದ ಒಂದೇ ತೋಳಿನಿಂದ ತೂಗಾಡಿತು. ಗಾಜಿಗೆ ಒತ್ತಿಕೊಂಡಿದ್ದ ಆ ಬೆರಳುಗಳನ್ನು ನಾನು ಎಷ್ಟು ಹತ್ತಿರದಿಂದ ನೋಡಿದೆನೆಂದರೆ, ಉಗುರಿನ ಸಂದಿಯಲ್ಲಿದ್ದ ಉಣ್ಣೆಯ ಎಳೆ ಕಾಣುತ್ತಿತ್ತು. ನಾನು ಎದ್ದು ಜನರನ್ನು ತಳ್ಳಿ ಗಂಟೆಯ ಹಗ್ಗ ಎಳೆದೆ. ಕಂಡಕ್ಟರ್ ನನ್ನ ಮಣಿಕಟ್ಟು ಹಿಡಿದ.

"ಘಾಟ್‌ಲ ನಿಕ್ಕಾದು ಸಾರ್."

ಘಾಟಿಯಲ್ಲಿ ನಿಲ್ಲುವುದಿಲ್ಲ. ನಿಲ್ಲಲೂ ಇಲ್ಲ. ಕೆಳಗಿನ ಚಪ್ಪಟೆ ರಸ್ತೆಗೆ ಬಂದ ಮೇಲೆ, ಜನ ಹತ್ತುವ ಜಾಗದಲ್ಲೇ ನಿಂತಿತು. ತೋಳನ್ನು ಏಣಿಯಿಂದ ಬಿಡಿಸಲು ಇಬ್ಬರು ಬೇಕಾದರು. ಮೊಳಕೈ ಇರಬೇಕಾದ ಕಡೆ ಇರಲಿಲ್ಲ. ಎಡಗೈಯಲ್ಲಿ ಕಂಬಳಿ ಸುತ್ತಿದ್ದ ಹಾಗೇ ಇತ್ತು. ದೊಡ್ಡಪ್ಪ ಅದನ್ನು ನನ್ನ ಹೆಗಲಿಗೆ ಹಾಕಿ ಆಮೇಲೆ ಕೂತ. ಕಂಡಕ್ಟರ್ ಬಂದು ನೋಡಿ, ಮುಖ ಬಿಳಿಚಿಕೊಂಡು, ಜನರಿಗೆ ಕೇಳುವಂತೆ ಹೇಳಿದ್ದು ಇಷ್ಟು: "ನಾನಾ ಸೊನ್ನೇನ್, ಕಂಬಳಿಯ ಪುಡೀನು?"

ಕಂಬಳಿ ಹಿಡಿದುಕೋ ಎಂದು ನಾನು ಹೇಳಿದೆನಾ? ಅವತ್ತು ಅವನನ್ನು ಕೊಲ್ಲದೆ ಇದ್ದದ್ದು ದೊಡ್ಡಪ್ಪನ ತಲೆ ನನ್ನ ತೊಡೆಯ ಮೇಲೆ ಇತ್ತು ಎಂಬ ಒಂದೇ ಕಾರಣಕ್ಕೆ.

ಆಸ್ಪತ್ರೆಯಿಂದ ಬಂದ ಮೇಲೆ ನಾನು ಪೊಲೀಸ್ ಸ್ಟೇಷನ್ನಿಗೆ ಹೋದೆ. ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂದು ಅದೇ ವರ್ಷ ಕಾಲೇಜಿನಲ್ಲಿ ಓದಿದ್ದೆ. ಮೇಜಿನ ಹಿಂದಿದ್ದವರು ತಾಳ್ಮೆಯಿಂದ ಕೇಳಿಸಿಕೊಂಡರು. ಏಣಿಯ ಮೇಲೆ ಪ್ರಯಾಣ ಮಾಡುವುದು ತಪ್ಪು, ಬರೆದುಕೊಳ್ಳುವುದಾದರೆ ನಿಮ್ಮ ದೊಡ್ಡಪ್ಪನ ಮೇಲೇ ಬರೆದುಕೊಳ್ಳಬೇಕಾಗುತ್ತದೆ, ಬರೆಯಲಾ ಎಂದರು. ನಾನು ಎದ್ದು ಬಂದೆ.

ಮೂಳೆ ಕೂಡಿತು. ತೋಳು ಮಡಿಚಲಿಲ್ಲ. ಒಂದು ಮಧ್ಯಾಹ್ನ ದೊಡ್ಡಪ್ಪ ಹಟ್ಟಿಯ ಹಿಂದೆ, ನೆಂಟರಿಂದ ತರಿಸಿಕೊಂಡಿದ್ದ ಒಂದು ಕರಿಕುರಿಯನ್ನು ಮಲಗಿಸಿಕೊಂಡು ಎಡಗೈಯಲ್ಲಿ ಕತ್ತರಿ ಹಿಡಿದಿದ್ದನ್ನು ನೋಡಿದೆ. ಎರಡನೇ ಏಟಿಗೇ ಚರ್ಮ ಕೊಯ್ದಿತು. ಕುರಿ ಒದ್ದು ಎದ್ದು ಓಡಿತು. ಅವನು ಕತ್ತರಿಯನ್ನು ಒರೆಸಿ ಚೀಲಕ್ಕೆ ಹಾಕಿ ಬಾಯಿ ಕಟ್ಟಿದ. ಆಮೇಲೆ ಅದನ್ನು ಬಿಚ್ಚಲಿಲ್ಲ.

"ಅವ್ನ ಕೈಯ್ನೂ ಮುರಿಸ್ತೀನಿ ದೊಡ್ಡಪ್ಪ," ಎಂದೆ. ಸುಮ್ಮನೆ ಆಡಿದ ಮಾತಲ್ಲ. ಹಾಸ್ಟೆಲಿನಲ್ಲಿ ನನ್ನ ಜೊತೆ ಬರಲು ನಾಲ್ಕು ಜನ ತಯಾರಿದ್ದರು.

"ಅದ್ರಿಂದ ನನ್ ಕೈ ಬತ್ತದೇನ್ಲಾ? ನಾಳೆ ಇನ್ನೊಬ್ಬ ಕಂಬ್ಳಿಯೋನು ಆ ಏಣಿ ಅತ್ತಾನೆ. ಬಸ್ಸಿನೋರು ಬಂದು ನಮ್ ಕಂಬ್ಳಿ ಮ್ಯಾಲೆ ಕುಂತು ಮಾತ್ ಕೊಡ್ಬೇಕು, ಇನ್ಮ್ಯಾಕೆ ಇಂಗ್ ಮಾಡಾಕಿಲ್ಲ ಅಂತ. ನಂಗದು ಆದ್ರೆ ಸಾಕು."

ಹೊರಗಿನವರು, ಅದೂ ಬಸ್ಸಿನ ಒಡೆಯನಾದ ಮೊದಲಾಳಿ, ನಮ್ಮ ಕಂಬಳಿಯ ಮೇಲೆ ಬಂದು ಕೂತದ್ದು ಯಾವತ್ತೂ ಇರಲಿಲ್ಲ. ಆದರೂ ಹಟ್ಟಿಯಿಂದ ಇಬ್ಬರು ಹೋಗಿ ಕರೆದರು. ಮೊದಲಾಳಿ ನಕ್ಕು, ನನ್ನ ಬಸ್ಸೇನು ನಿಮ್ಮ ಮಂದೆಯ ಟಗರಾ, ಕರೆದ ಕಡೆ ಬರಲು ಎಂದು ಕೇಳಿದನಂತೆ.

ಉತ್ತರ ಕೊಟ್ಟದ್ದು ಮಂದೆಯೇ. ಮೇಚೇರಿಯ ಸಂತೆಯ ದಿನ ಬೆಳಿಗ್ಗೆ, ಊರಿಗೆ ತಿರುಗುವ ರಸ್ತೆಯಲ್ಲಿ ಸುತ್ತಲಿನ ಹಟ್ಟಿಗಳ ಕುರಿಗಳೆಲ್ಲ ಬಂದು ಮಲಗಿದವು. ಮೊದಲು ಇನ್ನೊಬ್ಬರ ಬಸ್ಸು ಬಂತು. ನಮ್ಮವರು ನಾಲಿಗೆಯಲ್ಲಿ ಒಂದು ಸದ್ದು ಮಾಡಿದ್ದೇ ಕುರಿಗಳು ಎದ್ದು ಎರಡು ಭಾಗವಾಗಿ, ಬಸ್ಸು ಹೋದ ಮೇಲೆ ಮತ್ತೆ ಕೂಡಿಕೊಂಡು ಮಲಗಿದವು. ಆಮೇಲೆ ಆ ಏಣಿಯ ಬಸ್ಸು. ಡ್ರೈವರ್ ಹಾರನ್ ಒತ್ತಿದ. ಒಂದು ಕುರಿಯೂ ಕಿವಿ ಆಡಿಸಲಿಲ್ಲ.

"ಅಣ್ಣೋ, ಕುರಿ ಎಬ್ಬಿಸ್ರಣ್ಣೋ!" ಎಂದು ಅವನು ಕೂಗಿದ. ಅವನಿಗೂ ಕನ್ನಡ ಬರುತ್ತಿತ್ತು, ಅವತ್ತು ನೆನಪಾಯಿತು.

"ನಾವ್ ಏಳಿದ್ರೆ ಕೇಳಾಕಿಲ್ಲ ಕಣಣ್ಣ," ಎಂದ ಬೇಲಿಯ ಮೇಲೆ ಕೂತಿದ್ದ ನಮ್ಮವನೊಬ್ಬ. "ಟಿಕೇಟ್ ಕೊಡೋನು ಬರ್ಲಿ ಅಂತಾವೆ."

"ಮ್ಯಾಲೆ ಜಾಗ ಐತಾ ಅಂತ ಕೇಳ್ತಾವೆ," ಎಂದ ಇನ್ನೊಬ್ಬ.

ಕಂಡಕ್ಟರ್ ಇಳಿದು ಬಂದು ಒಂದು ಕುರಿಯನ್ನು ಕಾಲಿನಿಂದ ತಳ್ಳಿದ. ಬೇಲಿಯ ಮೇಲಿದ್ದವರೆಲ್ಲ ಒಟ್ಟಿಗೆ ಕೆಳಗಿಳಿದು ನಿಂತರು. ಅವನು ಕಾಲು ಹಿಂದಕ್ಕೆ ತೆಗೆದುಕೊಂಡ. ಅದನ್ನು ನೋಡಿ ನನಗೆ ಆದ ಸುಖವನ್ನು ಹೇಳಲು ಸಾಧ್ಯವಿಲ್ಲ. ಘಾಟಿಯಿಂದೀಚೆಗೆ ನನಗೆ ಹಸಿವು ಸರಿಯಾಗಿ ಆಗಿರಲಿಲ್ಲ. ಆ ಹೊತ್ತಿಗೆ ಆಯಿತು.

ಬಸ್ಸಿನಲ್ಲಿದ್ದವರು ಬೈದುಕೊಳ್ಳುತ್ತಾ ಇಳಿದು ನಡೆದರು. ಮುಂದಿನ ಸಂತೆಗೂ ಹಾಗೇ. ಅದರ ಮುಂದಿನ ಸಂತೆಗೆ ಮೊದಲಾಳಿಯ ಕಾರು ಬಂತು.

ಹುಣಸೆ ಮರದ ಕೆಳಗೆ ಕಂಬಳಿ ಹಾಸಿದರು. ದೊಡ್ಡಪ್ಪನೇ ನೊಂದವನಾದ್ದರಿಂದ ಅವನು ಅದರ ಮೇಲೆ ಕೂರುವಂತಿರಲಿಲ್ಲ. ಬರಿಯ ನೆಲದ ಮೇಲೆ ಕೂತ. ಪಕ್ಕದ ಹಟ್ಟಿಯ ಬೊಚ್ಚುಬಾಯಿಯ ಮುದುಕ, ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯ, ಯಜಮಾನನ ಜಾಗದಲ್ಲಿ ಕೂತ. ಮೊದಲಾಳಿ ಚಪ್ಪಲಿ ಬಿಟ್ಟು, ಬಿಳಿ ಪಂಚೆಯನ್ನು ಒಟ್ಟುಮಾಡಿಕೊಂಡು ಅಂಚಿನಲ್ಲಿ ಕೂತ. ಕಂಡಕ್ಟರ್ ಅವನ ಹಿಂದೆ.

"ಏನಾತಪ್ಪ ಅವತ್ತು, ಬುಡ್ಸಿ ಏಳು," ಎಂದ ಮುದುಕ.

ಅವರೇ ಮೇಲೆ ಹೋಗುತ್ತೇನೆ ಎಂದರು, ಗಾಳಿ ಬರುತ್ತದೆ ಎಂದರು ಎಂದು ಕಂಡಕ್ಟರ್ ತಮಿಳಿನಲ್ಲಿ ಶುರುಮಾಡಿದ.

"ಕೂಸೇ, ಎಲ್ಲಿ ಕುಂತಿದ್ದೀಯಾ ನೋಡ್ಕಂಡು ಮಾತಾಡು. ಇದ್ರ ಮ್ಯಾಲೆ ಕುಂತು ಸುಳ್ಳಾಡ್ದೋನ ಮನೇಲಿ ನಮ್ಮೋರ್ಯಾರೂ ನೀರೂ ಮುಟ್ಟಿಲ್ಲ. ಇನ್ನೊಂದ್ಸಲ ಏಳು."

ಮುದುಕ ದನಿ ಏರಿಸಲಿಲ್ಲ. ಸುತ್ತ ನೂರಾರು ಜನ ಕೂತಿದ್ದರು. ಕಂಡಕ್ಟರ್ ತನ್ನ ಕೈಗಳನ್ನೇ ನೋಡಿಕೊಂಡು, ಎದೆಗೆ ಕೈ ಅಡ್ಡ ಇಟ್ಟಿದ್ದನ್ನೂ, ಆಡಿನ ಮಾತನ್ನೂ, ಗಂಟೆಯ ಹಗ್ಗ ಬಿಡಿಸಿದ್ದನ್ನೂ ಒಂದೊಂದಾಗಿ ಹೇಳಿದ. ಆಡಿನ ಮಾತಿಗೆ ಈ ಸಲ ಯಾರೂ ನಗಲಿಲ್ಲ.

ಮೊದಲಾಳಿ ಜೇಬಿಗೆ ಕೈ ಹಾಕಿದ. ಮುದುಕ ತಲೆಯಾಡಿಸಿ ಬೇಡವೆಂದ. ಹಾಗಿದ್ದರೆ ಇವನನ್ನು ಈಗಲೇ ಕೆಲಸದಿಂದ ತೆಗೆದುಬಿಡುತ್ತೇನೆ ಎಂದ ಮೊದಲಾಳಿ. ಕಂಡಕ್ಟರ್ ತಲೆ ತಗ್ಗಿಸಿದ. ಆಗ ನಾನು ಎದ್ದೆ.

ಹಲವು ವಾರಗಳಿಂದ ಬಾಯಿಪಾಠ ಮಾಡಿಕೊಂಡಿದ್ದ ಮಾತು. ಇವನು ಅದೇ ಏಣಿಯ ಮೇಲೆ ನಿಲ್ಲಬೇಕು, ಹೆಗಲ ಮೇಲೆ ಇದೇ ಕಂಬಳಿ ಹಾಕಿಕೊಂಡು, ಅದೇ ಡ್ರೈವರು, ಅದೇ ಓಟ, ತೊಪ್ಪೂರು ಘಾಟಿ ಪೂರ್ತಿ. ನಾನು ಗಾಜಿನ ಈಚೆ ಕೂತು ನೋಡಬೇಕು. ಜನರಲ್ಲಿ ಒಂದು ಹೂಂಕಾರ ಎದ್ದಿತು. ಕಂಡಕ್ಟರ್ ನನ್ನನ್ನು ನೋಡಿದ. ಅವನ ಕಣ್ಣಿನಲ್ಲಿ ಅವತ್ತು ಗಾಜಿನಾಚೆಯ ಬೆರಳುಗಳಲ್ಲಿ ಕಂಡ ಭಯವೇ ಇತ್ತು. ಮುದುಕ, ನೊಂದವನು ಒಪ್ಪಿದರೆ ಆಗಲಿ ಎಂದು ದೊಡ್ಡಪ್ಪನ ಕಡೆ ತಿರುಗಿದ.

ದೊಡ್ಡಪ್ಪ ಕೆರಳಿ ನನ್ನ ಕಡೆ ನೋಡಿದ.

"ಆ ಮೂತಿ ಎಗಲ ಮ್ಯಾಲೆ ನನ್ ಕಂಬ್ಳಿನಾ? ಒಂದ್ ತಿರುವಿಗೇ ಎಸ್ದು ಬುಡ್ತಾನೆ. ಅವ್ನು ಬೇಕಾದ್ರೆ ಉರುಳ್ಕಂಡು ಓಗ್ಲಿ, ಕಂಬ್ಳಿ ಕೊಡಾಕಿಲ್ಲ."

ಕನಿಕರದಿಂದ ಆಡಿದ ಮಾತಲ್ಲ ಅದು. ಕಂಬಳಿಯ ಮೇಲಿನ ಅಭಿಮಾನ. ಜನ ನಕ್ಕರು, ಮುದುಕನೂ ನಕ್ಕ, ನನ್ನ ಏಣಿಯ ಮಾತು ಅಲ್ಲಿಗೆ ಮುರಿಯಿತು. ನನ್ನ ಕಿವಿ ಬಿಸಿಯಾಯಿತು. ಆದರೆ ಕಂಡಕ್ಟರ್ ನೀಳವಾಗಿ ಉಸಿರು ಬಿಟ್ಟಿದ್ದು ಕೇಳಿಸಿತಲ್ಲ, ಆ ಉಸಿರನ್ನು ಅವನಿಗೆ ಉಳಿಸಬಾರದು ಎನ್ನಿಸಿತು. ಆಗ ಹೊಳೆದದ್ದು ಎರಡನೆಯದು.

"ಅವನನ್ನು ಕೆಲಸದಿಂದ ತೆಗೆಯಬಾರದು," ಎಂದೆ. "ತೆಗೆದರೆ ಬೇರೆ ಊರಿಗೆ ಹೋಗಿ ಬೇರೆಯವರನ್ನು ಏಣಿಗೆ ಹತ್ತಿಸುತ್ತಾನೆ. ಇದೇ ಬಸ್ಸಿನಲ್ಲಿ ಇರಬೇಕು. ನಾವು ಇಲ್ಲಿ ಹೇಳುವ ಕಟ್ಟಳೆಯನ್ನು ಪ್ರತಿ ಸಲ ಬಸ್ಸು ಹೊರಡುವ ಮೊದಲು, ಮೆಟ್ಟಿಲ ಮೇಲೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಇವನೇ ಕೂಗಿ ಹೇಳಬೇಕು. ಕನ್ನಡದಲ್ಲಿ ಒಂದು ಸಲ, ತಮಿಳಿನಲ್ಲಿ ಒಂದು ಸಲ. ಹೇಳದೆ ಬಸ್ಸು ಹೊರಟರೆ ಮತ್ತೆ ಕುರಿ ಮಲಗುತ್ತವೆ."

ಮುದುಕ ದೊಡ್ಡಪ್ಪನನ್ನು ನೋಡಿದ. ದೊಡ್ಡಪ್ಪ ಈ ಸಲ ಹೂಂ ಎಂದ. ಕಟ್ಟಳೆಯನ್ನು ಅವನೇ ಕಟ್ಟಿದ, ಸಂತೆಯಲ್ಲಿ ಕುರಿ ಆರಿಸುವವನ ಹಾಗೆ ಒಂದೊಂದನ್ನೇ ಮುಟ್ಟಿ ನೋಡಿ. ಟಿಕೇಟ್ ಕೊಂಡವರಿಗೆ ಕಂಬಳಿ ಇದ್ದರೂ ಸೀಟು. ಏಣಿಯ ಮೇಲೆ ಮನುಷ್ಯರಿಲ್ಲ. ಕೊನೆಯವರ ಎರಡು ಕಾಲೂ ಒಳಗೆ ಬಂದ ಮೇಲೆ ಸೀಟಿ. ಯಾರನ್ನೂ 'ಯೋವ್' ಎನ್ನುವಂತಿಲ್ಲ. ಹಗ್ಗ ಎಳೆದರೆ ಘಾಟಿಯಾದರೂ ನಿಲ್ಲಬೇಕು. ಮೊದಲಾಳಿ ಒಂದೊಂದಕ್ಕೂ ಮುಖ ಹಿಂಡಿ ಒಂದೊಂದಕ್ಕೂ ತಲೆಯಾಡಿಸಿದ. ಕೊನೆಗೆ ಕಂಡಕ್ಟರ್ ಕಂಬಳಿಯ ಮೇಲೆ ಕೂತೇ ಅಷ್ಟನ್ನೂ ತಿರುಗಿ ಹೇಳಿದ. ಅವನು ತಪ್ಪಿದ ಕಡೆಯೆಲ್ಲ ಮುದುಕ ಮೊದಲಿನಿಂದ ಹೇಳಿಸಿದ.

ಅಂದಿನಿಂದ ನಾನು ಸೇಲಂನಿಂದ ರಜೆಗೆ ಬಂದಾಗಲೆಲ್ಲ, ಕೆಲಸವಿರಲಿ ಬಿಡಲಿ, ಧರ್ಮಪುರಿಗೆ ಹೋಗಿ ಆ ಬಸ್ಸು ಹತ್ತುತ್ತಿದ್ದೆ. ಮುಂದಿನ ಸೀಟಿನಲ್ಲಿ ಕೂತು ಕಾಯುತ್ತಿದ್ದೆ. ಅವನು ಮೆಟ್ಟಿಲ ಮೇಲೆ ನಿಂತು ಗಂಟಲು ಸರಿಮಾಡಿಕೊಂಡು, "ಕಂಬಳಿಯವರಿಗೆ ಸೀಟು ಇದೆ, ಒಳಗೆ ಬನ್ನಿ" ಎಂದು ಶುರುಮಾಡುತ್ತಿದ್ದ. ಟೌನಿನ ಹುಡುಗರು ಅವನನ್ನು ಅಣಕಿಸುತ್ತಿದ್ದರು. ಅವನ ಕಿವಿ ಕೆಂಪಾಗುತ್ತಿತ್ತು. ಮುಗಿಸಿ ನನ್ನ ಕಡೆ ನೋಡುತ್ತಿದ್ದ. "ಹಿಂದೆ ಕೇಳಿಸಲಿಲ್ಲ, ಇನ್ನೊಂದು ಸಲ," ಎನ್ನುತ್ತಿದ್ದೆ. ಅವನು ಇನ್ನೊಂದು ಸಲ ಹೇಳುತ್ತಿದ್ದ. ಅದರಲ್ಲಿ ನನಗೆ ನಾಚಿಕೆ ಅನ್ನಿಸಲಿಲ್ಲ, ಈಗಲೂ ಇಲ್ಲ.

ಕ್ರಮೇಣ ಇನ್ನೊಂದು ಬಸ್ಸಿನವರೂ ಏಣಿಯ ಮೇಲೆ ಜನ ಹತ್ತಿಸುವುದನ್ನು ಬಿಟ್ಟರು. ಹಟ್ಟಿಯ ಹೆಂಗಸರು ಕಂಬಳಿ ಹೊದ್ದ ಮುದುಕಿಯರನ್ನು ಕಿಟಕಿಯ ಪಕ್ಕ ಕೂರಿಸುವುದು ರೂಢಿಯಾಯಿತು. ದೊಡ್ಡಪ್ಪ ಬಯಸಿದ್ದು ನಡೆಯಿತು. ಅವನಿಗೆ ಅಷ್ಟು ಸಾಕಿತ್ತು.

ಒಂದು ಸಲ ನಾವಿಬ್ಬರೂ ಅದೇ ಬಸ್ಸಿನಲ್ಲಿ ಧರ್ಮಪುರಿಯಿಂದ ಬರುತ್ತಿದ್ದೆವು. ಕಂಡಕ್ಟರ್ ದೊಡ್ಡಪ್ಪನನ್ನು ಕಂಡು, ಒಬ್ಬ ಗುಮಾಸ್ತನನ್ನು ಎಬ್ಬಿಸಿ ಮುಂದಿನ ಸೀಟು ಕೊಟ್ಟ. "ಉಕ್ಕಾರುಂಗ ಐಯಾ," ಕೂತುಕೊಳ್ಳಿ ಅಯ್ಯಾ ಎಂದ. ಆಮೇಲೆ ಮೆಟ್ಟಿಲ ಮೇಲೆ ನಿಂತು ಕಟ್ಟಳೆ ಹೇಳಿದ. ಚೆನ್ನಾಗಿಯೇ ಹೇಳಿದ. ಅವನಿಗದು ಈಗ ಬಾಯಿಗೆ ಬಂದಿತ್ತು, ನಡುವೆ ಒಂದು ಸಣ್ಣ ನಗುವನ್ನೂ ಸೇರಿಸಿದ.

"ಇನ್ ಸಾಕು ಬುಡ್ಲಾ ಅವನ್ನ," ಎಂದ ದೊಡ್ಡಪ್ಪ ನನ್ನ ಕಿವಿಯಲ್ಲಿ. "ಎಂಡ್ರು ಮಕ್ಳು ಇರೋನು."

ಘಾಟಿ ಬಂತು. ಬಸ್ಸು ಮೆಲ್ಲಗೆ, ಯಾವ ಬಸ್ಸಿನ ಹಿಂದೆಯೂ ಓಡದೆ ಇಳಿಯತೊಡಗಿತು. ದೊಡ್ಡಪ್ಪ ಸೀಟಿನ ಮೇಲೆ ಕೂತಿದ್ದ, ಸುತ್ತ ಜನ ಇದ್ದರು, ಬೀಳುವುದಕ್ಕೆ ಜಾಗವೇ ಇರಲಿಲ್ಲ. ಆದರೂ ಮೊದಲ ತಿರುವಿನಲ್ಲಿ ಅವನ ಎಡಗೈ ಮುಂದಿನ ಕಂಬಿಯನ್ನು ಹಿಡಿಯಿತು. ಮಡಿಚದ ಬಲಗೈ ತೊಡೆಯ ಮೇಲೆ ಕಟ್ಟಿಗೆಯ ಹಾಗೆ ಬಿದ್ದುಕೊಂಡು, ಹಿಡಿಯಲು ಏನೂ ಇಲ್ಲದೆ ಬೆರಳು ಬಿಚ್ಚಿ ಮುಚ್ಚುತ್ತಿತ್ತು. ಅವನು ಕಣ್ಣು ಮುಚ್ಚಿದ್ದ. ಕೆಳಗೆ ಇಳಿಯುವವರೆಗೂ ತೆರೆಯಲಿಲ್ಲ.

ತೊಪ್ಪೂರಿನಲ್ಲಿ ಬಸ್ಸು ನಿಂತಿತು. ಜನ ಹತ್ತಿದರು. ಕಂಡಕ್ಟರ್ ಸೀಟಿಯನ್ನು ತುಟಿಗೆ ಇಟ್ಟುಕೊಂಡ. ನಾನು ಎದ್ದು ನಿಂತು, ಇಲ್ಲಿ ಹತ್ತಿದವರು ಕೇಳಿಲ್ಲ, ಮೊದಲಿನಿಂದ ಹೇಳು ಎಂದೆ. ಅವನು ದೊಡ್ಡಪ್ಪನ ಮುಖ ನೋಡಿದ. ದೊಡ್ಡಪ್ಪ ಕಿಟಕಿಯ ಕಡೆ ತಿರುಗಿಕೊಂಡ.

ಅವನು ಸೀಟಿ ತೆಗೆದು, ಮೆಟ್ಟಿಲ ಮೇಲೆ ಹೋಗಿ ನಿಂತು, ಮೊದಲಿನಿಂದ ಹೇಳಿದ. ಈ ಸಲ ನಗಲಿಲ್ಲ.